ಬಸಿರಿನಲ್ಲಿ ಪಟ್ಟ ದುಃಖಕ್ಕೂ ಮಗುವಿನ ಆಹಾರದ ಅಲರ್ಜಿಗೂ ನಂಟಿದೆಯೇ?

ಪ್ರಶ್ನೆ: ಚಿಂಚವಾಡದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ವಿಜಯಪುರದ ಕಡೆಯದು; ಮದುವೆಯಾದಾಗಿನಿಂದ ಪುಣೆಯ ಚಿಂಚವಾಡದಲ್ಲಿ ನೆಲೆಸಿದ್ದೇವೆ. ನಮ್ಮ ಮಗಳಿಗೆ ಈಗ ಒಂದು ವರ್ಷ ದಾಟಿದೆ. ಹುಟ್ಟಿದ ಮೂರನೆಯ ತಿಂಗಳಿನಿಂದಲೇ ಅವಳ ಕೆನ್ನೆಗಳಲ್ಲಿಯೂ ಮೊಣಕೈ, ಮೊಣಕಾಲುಗಳ ಮಡಿಕೆಗಳಲ್ಲಿಯೂ ಇಸುಬು ಕಾಣಿಸಿಕೊಂಡಿತ್ತು. ಒಂಬತ್ತನೆಯ ತಿಂಗಳಿನಲ್ಲಿ ಬೇಯಿಸಿದ ಮೊಟ್ಟೆಯನ್ನು ಮೊದಲ ಸಲ ತಿನ್ನಿಸಿದಾಗ ಅರ್ಧ ಗಂಟೆಯೊಳಗೆ ಬಾಯಿಯ ಸುತ್ತಲೂ ಕತ್ತಿನ ಮೇಲೂ ಕೆಂಪು ಗಂದೆಗಳೆದ್ದು ವಾಂತಿಯಾಯಿತು. ಮಕ್ಕಳ ವೈದ್ಯರು ಇದು ಮೊಟ್ಟೆಯ ಅಲರ್ಜಿ ಎಂದು ಹೇಳಿ ಮೊಟ್ಟೆಯನ್ನು ನಿಲ್ಲಿಸಿದರು. ಈ ನಡುವೆ ಒಂದು ಪ್ರಯೋಗಾಲಯದವರು ಹತ್ತಾರು ಆಹಾರಗಳನ್ನು ಒಟ್ಟಿಗೆ ನೋಡುವ ರಕ್ತಪರೀಕ್ಷೆಯೊಂದನ್ನು ಮಾಡಿಕೊಟ್ಟರು. ಅದರ ವರದಿಯಲ್ಲಿ ಗೋಧಿ, ತೊಗರಿಬೇಳೆ, ಶೇಂಗಾ, ಹಾಲು ಎಲ್ಲದರ ಮುಂದೆಯೂ ಕೆಂಪು ಗುರುತಿದೆ. ಮನೆಯವರು ಹೆದರಿ ಅವೆಲ್ಲವನ್ನೂ ನಿಲ್ಲಿಸಿದ್ದಾರೆ. ಮಗು ಈಗ ಅನ್ನದ ಗಂಜಿ, ಸೇಬು, ಬಾಳೆಹಣ್ಣುಗಳಲ್ಲೇ ದಿನ ಕಳೆಯುತ್ತಿದೆ, ತೂಕ ಏರುತ್ತಿಲ್ಲ.

ಆದರೆ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಬೇರೆ. ನಾನು ಏಳು ತಿಂಗಳ ಗರ್ಭಿಣಿಯಾಗಿದ್ದಾಗ ನನ್ನ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ಹೊತ್ತಿಗೆ ನಮ್ಮ ಯಜಮಾನರ ಕೆಲಸವೂ ಹೋಯಿತು. ಆ ತಿಂಗಳುಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಿದ್ದು ನೆನಪಿಲ್ಲ. ಗರ್ಭಿಣಿಯ ಮಾನಸಿಕ ಒತ್ತಡದಿಂದ ಮಕ್ಕಳಿಗೆ ಆಹಾರದ ಅಲರ್ಜಿ ಬರುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ಸಂಬಂಧಿಕರೊಬ್ಬರು ಕುಟುಂಬದ ಗುಂಪಿನಲ್ಲಿ ಹಾಕಿದರು. ಅಂದಿನಿಂದ ನಮ್ಮ ಅತ್ತೆಯವರು, ‘ನೀ ಬಸಿರಿನಾಗ ಅತ್ತದ್ದೇ ಕೂಸಿನ ಮೈಯಾಗ ಇಳಿದೈತಿ’ ಎನ್ನುತ್ತಾರೆ. ಅವರು ಕೆಟ್ಟವರಲ್ಲ, ನನ್ನ ಬಾಣಂತನವನ್ನು ಮೈಮುರಿದು ಮಾಡಿದವರು; ಆದ್ದರಿಂದಲೇ ಆ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ. ಇದರಲ್ಲಿ ಸತ್ಯವೆಷ್ಟು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನನ್ನನ್ನು ಸಮಾಧಾನಪಡಿಸುವುದಕ್ಕಾಗಿ ಏನನ್ನೂ ಬರೆಯಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿ.

ಉತ್ತರ: ಮುಲುಂಡಿನ ಮಕ್ಕಳ ವೈದ್ಯ

ತಾಯಿ, ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಗಳ ಮೊಟ್ಟೆಯ ಅಲರ್ಜಿಗೆ ನಿಮ್ಮ ದುಃಖವೇ ಕಾರಣವೆಂದು ಯಾವ ವೈದ್ಯನೂ ಹೇಳಲಾರ. ಹೇಳಿದರೆ ಆ ಮಾತಿಗೆ ಆಧಾರವಿರುವುದಿಲ್ಲ. ಒಂದು ಮಗುವಿನ ಅಲರ್ಜಿಯನ್ನು ಅದರ ತಾಯಿಯ ಗರ್ಭಕಾಲದ ಮನಃಸ್ಥಿತಿಯವರೆಗೆ ಹಿಂಬಾಲಿಸಿಕೊಂಡು ಹೋಗಬಲ್ಲ ಪರೀಕ್ಷೆ ಯಾವುದೂ ಇಲ್ಲ.

ಹಾಗೆಂದು ಆ ಸಂದೇಶ ಪೂರ್ತಿ ಕಟ್ಟುಕಥೆಯೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸುತ್ತಮುತ್ತ 1991 ಮತ್ತು 1992ರಲ್ಲಿ ಹೆರಿಗೆಯಾಗಲಿದ್ದ ಸಾವಿರಾರು ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸುತ್ತ ಬಂದ ದೊಡ್ಡ ಅಧ್ಯಯನವೊಂದಿದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಹೆಚ್ಚು ಆತಂಕ ಅನುಭವಿಸಿದ್ದ ತಾಯಂದಿರ ಮಕ್ಕಳಲ್ಲಿ ಏಳೂವರೆ ವರ್ಷದ ಹೊತ್ತಿಗೆ ಆಸ್ತಮಾ ಹೆಚ್ಚಾಗಿ ಕಂಡುಬಂದಿತೆಂದು ಆ ಅಧ್ಯಯನದ ಆಧಾರದ ಮೇಲೆ 2009ರಲ್ಲಿ ಪ್ರಕಟವಾಯಿತು. ಉಬ್ಬಸ ಮತ್ತು ಇಸುಬಿನ ವಿಷಯದಲ್ಲಿಯೂ ಬೇರೆ ದೇಶಗಳಿಂದ ಇಂಥ ವರದಿಗಳು ಬಂದಿವೆ. ಇದಕ್ಕೆ ಒಂದು ಜೈವಿಕ ವಿವರಣೆಯನ್ನೂ ಕೊಡುತ್ತಾರೆ. ಒತ್ತಡದಲ್ಲಿ ತಾಯಿಯ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಹೆಚ್ಚಿನ ಪಾಲನ್ನು ನಿಷ್ಕ್ರಿಯವಾದ ಕಾರ್ಟಿಸೋನ್ ಆಗಿ ಮಾರ್ಪಡಿಸಿ ಮಗುವನ್ನು ಕಾಯುತ್ತದೆ. ದೀರ್ಘಕಾಲದ ತೀವ್ರ ಒತ್ತಡದಲ್ಲಿ ಈ ತಡೆ ಸಡಿಲವಾಗಿ, ಮಗುವಿನ ರೋಗನಿರೋಧಕ ವ್ಯವಸ್ಥೆ ಅಲರ್ಜಿಯ ಕಡೆಗೆ ವಾಲಬಹುದು ಎಂಬುದು ಊಹೆ. ಊಹೆ ಎಂಬ ಪದವನ್ನು ನಾನು ತೂಗಿಯೇ ಬಳಸಿದ್ದೇನೆ.

ಈಗ ಆಹಾರದ ಅಲರ್ಜಿಗೆ ಬರೋಣ. ಇಲ್ಲಿ ಆಧಾರ ಬಹಳ ತೆಳುವಾಗುತ್ತದೆ, ಅದಕ್ಕೊಂದು ಕಾರಣವಿದೆ. ಆಹಾರದ ಅಲರ್ಜಿಯನ್ನು ಖಚಿತಪಡಿಸಬೇಕಾದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿ, ಅದೇ ಆಹಾರವನ್ನು ಚೂರುಚೂರಾಗಿ ಹೆಚ್ಚಿಸುತ್ತ ತಿನ್ನಿಸಿ ನೋಡಬೇಕು. ಸಾವಿರಾರು ಮಕ್ಕಳಿಗೆ ಹೀಗೆ ಮಾಡುವುದು ಸುಲಭವಲ್ಲವಾದ್ದರಿಂದ ದೊಡ್ಡ ಅಧ್ಯಯನಗಳಲ್ಲಿ ಬಹುಮಟ್ಟಿಗೆ ತಂದೆತಾಯಿಗಳನ್ನೇ ‘ನಿಮ್ಮ ಮಗುವಿಗೆ ಯಾವುದಾದರೂ ಆಹಾರ ಒಗ್ಗುವುದಿಲ್ಲವೇ’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆತಂಕದ ಸ್ವಭಾವದ ತಾಯಿ ಮಗುವಿನ ಮೈಮೇಲಿನ ಪ್ರತಿಯೊಂದು ಕಲೆಯನ್ನೂ ಗಮನಿಸುತ್ತಾಳೆ, ಪ್ರತಿಯೊಂದನ್ನೂ ವರದಿ ಮಾಡುತ್ತಾಳೆ. ಆಗ ಲೆಕ್ಕಕ್ಕೆ ಸಿಕ್ಕಿದ್ದು ಮಗುವಿನ ಅಲರ್ಜಿಯೋ ತಾಯಿಯ ಎಚ್ಚರವೋ ಎಂದು ಬೇರ್ಪಡಿಸುವುದು ಕಷ್ಟ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಎದ್ದು ಕಾಣುವುದು ಮೂರನೆಯ ತಿಂಗಳಿನ ಇಸುಬು. ಎಳೆಯ ವಯಸ್ಸಿನಲ್ಲಿ ಶುರುವಾಗುವ ತೀವ್ರ ಇಸುಬು ಆಹಾರದ ಅಲರ್ಜಿಗೆ ನಮಗೆ ತಿಳಿದಿರುವ ಅತ್ಯಂತ ಬಲವಾದ ಮುನ್ಸೂಚನೆ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚೆಂದು 2006ರಲ್ಲಿ ತಿಳಿದುಬಂತು. ಗಾರೆ ಉದುರಿದ ಗೋಡೆಯಲ್ಲಿ ನೀರಿಳಿಯುವಂತೆ ಅಂಥ ಚರ್ಮದ ಮೂಲಕ ಮನೆಯ ಧೂಳಿನಲ್ಲಿರುವ ಆಹಾರದ ಕಣಗಳು ಒಳಸೇರುತ್ತವೆ. ಬಾಯಿಯ ಮೂಲಕ ಬಂದ ಆಹಾರವನ್ನು ದೇಹ ಸಾಮಾನ್ಯವಾಗಿ ಮಿತ್ರನೆಂದು ಕಲಿಯುತ್ತದೆ. ಒಡೆದ ಚರ್ಮದ ಮೂಲಕ ಬಂದದ್ದನ್ನು ಶತ್ರುವೆಂದು ಕಲಿಯುತ್ತದೆ. ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರು 2008ರಲ್ಲಿ ಮುಂದಿಟ್ಟ ಈ ವಿವರಣೆಗೆ ಆಮೇಲೆ ಸಾಕಷ್ಟು ಬೆಂಬಲ ಸಿಕ್ಕಿದೆ. ನಮ್ಮ ಮನೆಗಳಲ್ಲಿ ಕೂಸಿಗೆ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ಎರೆಯುವ ರೂಢಿಯಿದೆ. ಆರೋಗ್ಯವಂತ ಚರ್ಮದ ಮಾತು ಬೇರೆ. ಇಸುಬಿರುವ ಚರ್ಮಕ್ಕೆ ಯಾವ ಆಹಾರ ಪದಾರ್ಥವನ್ನೂ ಹಚ್ಚಬೇಡಿ ಎಂದು ನಾನು ನನ್ನಲ್ಲಿಗೆ ಬರುವ ಎಲ್ಲ ತಾಯಂದಿರಿಗೂ ಹೇಳುತ್ತೇನೆ. ವೈದ್ಯರು ಬರೆದುಕೊಟ್ಟ ಮುಲಾಮನ್ನು ಹೆದರದೆ ಹಚ್ಚಿ ಇಸುಬನ್ನು ಹತೋಟಿಯಲ್ಲಿಡುವುದು ಮುಖ್ಯ.

ಮೆಲ್ಬರ್ನ್ ನಗರದಲ್ಲಿ ಒಂದು ವರ್ಷದ ಮಕ್ಕಳನ್ನು ಆಸ್ಪತ್ರೆಯಲ್ಲಿಯೇ ತಿನ್ನಿಸಿ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು; ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಆಹಾರದ ಅಲರ್ಜಿಯಿತ್ತು, ಅದರಲ್ಲಿಯೂ ಮೊಟ್ಟೆಯದೇ ಮೇಲುಗೈ. ಆ ಊರಿನ ತಾಯಂದಿರೆಲ್ಲ ನಮ್ಮ ತಾಯಂದಿರಿಗಿಂತ ಹೆಚ್ಚು ದುಃಖಿಗಳೆಂದು ಯಾರೂ ಹೇಳುವುದಿಲ್ಲ.

ಕೊನೆಯದಾಗಿ, ನನಗೆ ಅತ್ಯಂತ ತುರ್ತೆನಿಸಿದ ಮಾತು ನಿಮ್ಮ ಮಗಳ ತೂಕದ್ದು. ಆ ರಕ್ತಪರೀಕ್ಷೆಯ ವರದಿಯನ್ನು ಹಿಡಿದುಕೊಂಡು ಈ ವಾರದಲ್ಲೇ ನಿಮ್ಮ ವೈದ್ಯರನ್ನು ಕಾಣಿರಿ. ಗೋಧಿ, ಬೇಳೆ, ಹಾಲು ಇವುಗಳನ್ನು ಮಗು ಮೊದಲು ತಿಂದು ಅರಗಿಸಿಕೊಂಡಿತ್ತೇ ಎಂಬುದನ್ನು ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಿ.

ಉತ್ತರ: ಸಂಖ್ಯಾಶಾಸ್ತ್ರದ ಅಧ್ಯಾಪಕ, ಪುಣೆ

ವೈದ್ಯರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಒಂದೆರಡು ಕಡೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆಯಾಗಿರುವುದರಿಂದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತಾಯಂದಿರ ಉತ್ತರಗಳನ್ನು ನೆಚ್ಚುವ ಅಧ್ಯಯನಗಳಿಗೆ ಅವರು ತೋರಿದ ದೋಷವಿದೆ, ನಿಜ. ಆದರೆ ಎಲ್ಲವೂ ಅಂಥವಲ್ಲ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಭಾರಿ ಹಿಮಮಳೆ ಸುರಿದು ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇಲ್ಲದಂತಾಯಿತು, ಕೆಲವು ಕಡೆ ವಾರಗಟ್ಟಲೆ. ಯಾರ ಮನೆಯಲ್ಲಿ ಎಷ್ಟು ದಿನ ಕತ್ತಲೆ ಎಂಬುದು ಯಾರ ಸ್ವಭಾವವನ್ನೂ ಅವಲಂಬಿಸಿರಲಿಲ್ಲ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಸಂಶೋಧಕಿ ಸುಝೇನ್ ಕಿಂಗ್ ಅವರ ತಂಡ ಬೆಳೆಯುವವರೆಗೂ ಗಮನಿಸಿತು. ತಾಯಿಯ ಮನಸ್ಸಿನ ಮೇಲಾದ ಆಘಾತ ಹೆಚ್ಚಿದ್ದಲ್ಲಿ ಹೆಣ್ಣುಮಕ್ಕಳಲ್ಲಿ ಆಸ್ತಮಾದ ಸಾಧ್ಯತೆಯೂ ಹೆಚ್ಚಿತ್ತೆಂದು ವರದಿ ಮಾಡಿತು. ಗುಂಪು ಚಿಕ್ಕದು, ಗಂಡುಮಕ್ಕಳಲ್ಲಿ ಅದು ಕಾಣಲಿಲ್ಲ, ಮತ್ತು ಅದು ಆಸ್ತಮಾದ ಮಾತೇ ಹೊರತು ಆಹಾರದ ಅಲರ್ಜಿಯದಲ್ಲ. ಆದರೂ ಒತ್ತಡಕ್ಕೂ ಮಗುವಿನ ರೋಗನಿರೋಧಕ ವ್ಯವಸ್ಥೆಗೂ ನಂಟೇ ಇಲ್ಲವೆನ್ನುವುದು ಆತುರದ ಮಾತಾಗುತ್ತದೆ. ಪ್ರಶ್ನೆ ಕೇಳಿದವರು ಇದ್ದದ್ದನ್ನು ಇದ್ದಂತೆ ಹೇಳಿರೆಂದು ಕೋರಿದ್ದಾರಾದ್ದರಿಂದ ಇದನ್ನು ಮುಚ್ಚಿಡಬಾರದು.

ಎರಡನೆಯದು ನನ್ನ ಕಸುಬಿನ ವಿಷಯ. ‘ಅಪಾಯ ಒಂದೂವರೆ ಪಟ್ಟು ಹೆಚ್ಚು’ ಎಂಬ ಸಾಲು ಓದಿದವರ ಮನಸ್ಸಿನಲ್ಲಿ ಅದು ‘ನನ್ನಿಂದಲೇ ಆಯಿತು’ ಎಂದಾಗಿಬಿಡುತ್ತದೆ. ಲೆಕ್ಕ ತಿಳಿಯಲೆಂದು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಒತ್ತಡವಿಲ್ಲದ 100 ತಾಯಂದಿರ ಮಕ್ಕಳಲ್ಲಿ 8 ಮಕ್ಕಳಿಗೆ ಯಾವುದೋ ಅಲರ್ಜಿ ಬರುತ್ತದೆ, ತೀವ್ರ ಒತ್ತಡವಿದ್ದ 100 ತಾಯಂದಿರ ಮಕ್ಕಳಲ್ಲಿ 12 ಮಕ್ಕಳಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಇದು ಒಂದೂವರೆ ಪಟ್ಟು. ಈಗ ಒತ್ತಡವಿದ್ದ ಆ ನೂರು ಮನೆಗಳನ್ನು ನೋಡಿ. 88 ಮನೆಗಳಲ್ಲಿ ಮಗುವಿಗೆ ಏನೂ ಆಗಿಲ್ಲ. ಉಳಿದ 12ರಲ್ಲಿ 8 ಮನೆಗಳಿಗೆ ಒತ್ತಡವಿಲ್ಲದಿದ್ದರೂ ಅಲರ್ಜಿ ಬಂದೇ ಬರುತ್ತಿತ್ತು. ಮಿಕ್ಕ 4 ಮನೆಗಳು ಯಾವುವೆಂದು ಬೆರಳು ಮಾಡಿ ತೋರಿಸಲು ಯಾವ ಲೆಕ್ಕಕ್ಕೂ ಸಾಧ್ಯವಿಲ್ಲ. ಆ ನಾಲ್ಕರಲ್ಲಿಯೂ ಒತ್ತಡವೊಂದೇ ಕಾರಣವಲ್ಲ. ಆನುವಂಶಿಕತೆ, ಮನೆಯ ಗಾಳಿ, ಧೂಮಪಾನ, ಚರ್ಮದ ಸ್ಥಿತಿ ಎಲ್ಲವೂ ಸೇರಿಕೊಂಡಿರುತ್ತವೆ.

ಗುಂಪಿನ ಬಗ್ಗೆ ಹುಟ್ಟಿದ ತಿಳಿವಳಿಕೆಯಿಂದ ಸರ್ಕಾರಗಳು, ಆಸ್ಪತ್ರೆಗಳು, ಕಚೇರಿಗಳು ಗರ್ಭಿಣಿಯರಿಗೆ ಹೇಗೆ ನೆರವಾಗಬೇಕೆಂದು ಕಲಿಯಬಹುದು. ಅದನ್ನು ಒಬ್ಬ ಸೊಸೆಯ ಮೇಲೆ ಆರೋಪಪಟ್ಟಿಯಾಗಿ ಬಳಸುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಮರ್ಥನೆಯೇ ಇಲ್ಲ. ನಿಮ್ಮ ಅತ್ತೆಯವರಿಗೆ ಈ ಎಂಟು ಮತ್ತು ಹನ್ನೆರಡರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಸಂಸಾರದ ಲೆಕ್ಕ ನೋಡಿದವರಿಗೆ ಇದು ಅರ್ಥವಾಗದೆ ಇರುವುದಿಲ್ಲ.

ಉತ್ತರ: ವಾಸ್ಕೋದಿಂದ, ಇಬ್ಬರು ಮಕ್ಕಳ ತಾಯಿ

ಅಕ್ಕಾ, ನಾವು ಕುಂದಾಪುರದ ಕಡೆಯವರು, ಗೋವೆಯ ವಾಸ್ಕೋದಲ್ಲಿ ಇದ್ದೇವೆ. ನನ್ನ ದೊಡ್ಡ ಮಗನಿಗೆ ಗೇರುಬೀಜದ ಅಲರ್ಜಿ. ಗೇರುಬೀಜದ ಊರಿನಲ್ಲಿದ್ದುಕೊಂಡು ಗೇರುಬೀಜವನ್ನು ದೂರವಿಡುವುದೆಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ನನಗೆ ಯಾವ ಚಿಂತೆಯೂ ಇರಲಿಲ್ಲ, ತವರಿನಲ್ಲಿ ಆರಾಮವಾಗಿದ್ದೆ. ಚಿಕ್ಕವಳು ಹೊಟ್ಟೆಯಲ್ಲಿದ್ದಾಗ ಯಜಮಾನರಿಗೆ ಅಪಘಾತವಾಗಿ ನಮ್ಮ ಮನೆ ಅಲ್ಲೋಲಕಲ್ಲೋಲವಾಗಿತ್ತು. ಅವಳಿಗೆ ಯಾವ ಅಲರ್ಜಿಯೂ ಇಲ್ಲ. ಒಂದು ಮನೆಯ ಕಥೆಯಿಂದ ಏನನ್ನೂ ಸಾಧಿಸಲಾಗದೆಂದು ಮೇಲೆ ಅಧ್ಯಾಪಕರು ಬರೆದ ಮೇಲೆ ನನಗೂ ಗೊತ್ತು. ಆದರೆ ನಿಮ್ಮ ಮನೆಯ ಕಥೆಗೂ ಅದೇ ನಿಯಮ ಅನ್ವಯಿಸಬೇಕಲ್ಲವೇ?

ನಾನು ಬರೆಯಬೇಕೆಂದದ್ದು ದಿನನಿತ್ಯದ ಎಚ್ಚರಿಕೆಯ ಬಗ್ಗೆ. ಕಟ್ಟಿದ ಪೊಟ್ಟಣದ ತಿಂಡಿಯಾದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಗೋಧಿಯಂಥ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಗಳು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಇವುಗಳಿದ್ದರೆ ಪೊಟ್ಟಣದ ಮೇಲೆ ಬರೆದಿರಲೇಬೇಕು. ಓದುವುದನ್ನು ರೂಢಿಸಿಕೊಳ್ಳಿ, ಒಂದೇ ಕಂಪನಿಯ ಅದೇ ಬಿಸ್ಕತ್ತಾದರೂ ಪ್ರತಿ ಸಲ ಓದಿ, ಏಕೆಂದರೆ ತಯಾರಿಕೆ ಬದಲಾಗುತ್ತಿರುತ್ತದೆ. ತೊಂದರೆಯಿರುವುದು ಚೀಟಿಯಿಲ್ಲದ ತಿಂಡಿಗಳಲ್ಲಿ. ಮಿಠಾಯಿ ಅಂಗಡಿಯಲ್ಲಿ ಕಾಜು ಕತಲಿಯನ್ನು ಎತ್ತಿದ ಚಿಮಟದಲ್ಲೇ ಪೇಡೆಯನ್ನೂ ಎತ್ತಿ ಕೊಡುತ್ತಾರೆ. ಪಂಚತಾರಾ ಹೋಟೆಲಾಗಲಿ ರಸ್ತೆಬದಿಯ ಖಾನಾವಳಿಯಾಗಲಿ, ಬಿಳಿಯ ಗ್ರೇವಿ ಎಂದರೆ ಬಹುತೇಕ ಗೋಡಂಬಿಯ ಪೇಸ್ಟೇ. ಇಲ್ಲಿಯ ದೊದೋಲ್ ಎಂಬ ಸಿಹಿತಿಂಡಿಯಲ್ಲಿ, ಸತ್ಯನಾರಾಯಣ ಪೂಜೆಯ ಪ್ರಸಾದದ ಶಿರಾದಲ್ಲಿ ಅದು ಇದ್ದೇ ಇರುತ್ತದೆ. ಬೀಜವನ್ನು ಆರಿಸಿ ತೆಗೆದು ಕೊಟ್ಟರೆ ಸಾಕೆಂದು ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಸಾಲದು ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಹೆಚ್ಚಾಗಿ ಆಗುವುದಿಲ್ಲ, ಎರಡೂ ಒಂದೇ ಸಸ್ಯಕುಟುಂಬದವು.

ನನ್ನ ಮಗನಿಗೆ ಒಮ್ಮೆ ಉಸಿರು ಕಟ್ಟಿತ್ತು. ಅಂದಿನಿಂದ ಅಡ್ರಿನಾಲಿನ್ ಚುಚ್ಚುಮದ್ದನ್ನು ಜೊತೆಗಿಟ್ಟುಕೊಂಡೇ ಹೊರಡುತ್ತೇವೆ. ಹೊರದೇಶಗಳಲ್ಲಿ ಸಿಗುವ, ತಾನಾಗಿ ಚುಚ್ಚುವ ಪೆನ್ನು ನಮ್ಮಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ವೈದ್ಯರು ಔಷಧದ ಆಂಪ್ಯೂಲು, ಸಿರಿಂಜುಗಳನ್ನು ಕೊಟ್ಟು, ಮಗನ ತೂಕಕ್ಕೆ ತಕ್ಕ ಪ್ರಮಾಣಕ್ಕೆ ಸಿರಿಂಜಿನ ಮೇಲೆ ಗೆರೆ ಹಾಕಿ, ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುವುದನ್ನು ನನಗೂ ಯಜಮಾನರಿಗೂ ಶಾಲೆಯ ನರ್ಸಿಗೂ ಕಲಿಸಿಕೊಟ್ಟಿದ್ದಾರೆ. ಗೋವೆಯ ಬೇಸಿಗೆಯಲ್ಲಿ ಆ ಚೀಲವನ್ನು ಕಾರಿನೊಳಗೆ ಬಿಟ್ಟುಹೋಗುವಂತಿಲ್ಲ, ಬಿಸಿಗೆ ಔಷಧ ಕೆಡುತ್ತದೆ. ಮೈ ಕಡಿತಕ್ಕೆ ಕೊಡುವ ಸಿರಪ್ಪು ಉಸಿರಾಟದ ತೊಂದರೆಯನ್ನು ತಡೆಯುವುದಿಲ್ಲ ಎಂಬುದನ್ನು ಮಾತ್ರ ಮನೆಮಂದಿಗೆಲ್ಲ ಹೇಳಿಡಿ. ಉಸಿರು ಎಳೆದರೆ, ದನಿ ಒಡೆದರೆ, ಮಗು ಸೋತು ಜೋಲುಬಿದ್ದರೆ ಚುಚ್ಚುಮದ್ದು, ತಕ್ಷಣ 108ಕ್ಕೆ ಕರೆ.

ಉತ್ತರ: ಡೊಂಬಿವಿಲಿಯ ಆಪ್ತಸಮಾಲೋಚಕಿ

ಈ ಪ್ರಶ್ನೆಯನ್ನು ಓದಿದಾಗಿನಿಂದ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ. ಗರ್ಭಿಣಿಯರು ಮತ್ತು ಬಾಣಂತಿಯರ ಜೊತೆ ಕೆಲಸ ಮಾಡುವ ನನಗೆ ಇಂಥ ತಾಯಂದಿರು ಆಗಾಗ ಎದುರಾಗುತ್ತಾರೆ.

ಮಗುವಿನ ಕಾಯಿಲೆಗೆ ತಾಯಿಯ ಮನಸ್ಸನ್ನು ಹೊಣೆ ಮಾಡುವುದು ವೈದ್ಯಶಾಸ್ತ್ರದಲ್ಲೇ ಬಹಳ ಕಾಲ ನಡೆದುಬಂದ ರೂಢಿ. ಕಳೆದ ಶತಮಾನದ ಮಧ್ಯಭಾಗದಲ್ಲಿ ಶಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಅವರು ಆಸ್ತಮಾವನ್ನೂ ಚರ್ಮದ ಇಸುಬನ್ನೂ ಮನಸ್ಸಿನಿಂದ ಹುಟ್ಟುವ ಕಾಯಿಲೆಗಳ ಸಾಲಿನಲ್ಲಿ ಇಟ್ಟಿದ್ದರು. ಮಗುವಿನ ಉಬ್ಬಸವೆಂದರೆ ತಾಯಿಗಾಗಿ ಅಳಲಾರದೆ ಅದುಮಿಟ್ಟ ಅಳು ಎಂದು ಆ ಪಂಥದವರು ವಿವರಿಸುತ್ತಿದ್ದರು. ಆ ಕಾಲದ ಎಷ್ಟೋ ತಾಯಂದಿರು ಈ ಮಾತಿನ ಭಾರವನ್ನು ಹೊತ್ತು ಬದುಕಿದರು. ಉಸಿರುನಾಳದ ಉರಿಯೂತ ಅರ್ಥವಾದ ಮೇಲೆ ಸಿದ್ಧಾಂತ ಬಿದ್ದುಹೋಯಿತು. ಆಮೇಲೆ ಊಟದ ಸರದಿ ಬಂತು. ಅಲರ್ಜಿಯ ಹಿನ್ನೆಲೆಯಿರುವ ಕುಟುಂಬದಲ್ಲಿ ಗರ್ಭಿಣಿ ಶೇಂಗಾ ತಿನ್ನದಿರುವುದನ್ನು ಯೋಚಿಸಬೇಕು, ಮಗುವಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಹೇಳಿತು. ಆಧಾರ ಸಾಲದೆಂದು 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಆ ಎಂಟು ವರ್ಷಗಳಲ್ಲಿ ಅಲರ್ಜಿಯ ಮಗುವನ್ನು ಹೆತ್ತವಳನ್ನು ‘ನೀನು ಏನು ತಿಂದೆ’ ಎಂದು ಕೇಳಿದರು. ಈಗ ‘ನೀನು ಏಕೆ ಅತ್ತೆ’ ಎಂದು ಕೇಳುತ್ತಿದ್ದಾರೆ.

ತಂಗಿ, ತಂದೆ ತೀರಿಕೊಂಡಾಗ ಮಗಳು ಅಳುವುದು ಕಾಯಿಲೆಯಲ್ಲ. ಅದನ್ನು ಅದುಮಿಟ್ಟುಕೊಂಡಿದ್ದರೆ ಮಗುವಿಗೆ ಒಳ್ಳೆಯದಾಗುತ್ತಿತ್ತು ಎಂಬುದಕ್ಕೆ ಒಂದಿಷ್ಟೂ ಆಧಾರವಿಲ್ಲ. ಗರ್ಭಿಣಿಗೆ ‘ಖುಷಿಯಾಗಿರು’ ಎಂದು ಹೇಳುವುದು ಸಹಾಯವೂ ಅಲ್ಲ. ಅವಳು ರಾತ್ರಿ ನಿದ್ದೆ ಮಾಡುವಂತೆ ನೋಡಿಕೊಳ್ಳುವುದು, ಸಾಲದ ಕಂತಿನ ಚಿಂತೆಯನ್ನು ಹಂಚಿಕೊಳ್ಳುವುದು, ತವರಿಗೆ ಹೋಗಿ ಅತ್ತುಬರಲು ಟಿಕೆಟ್ ತೆಗೆಸಿಕೊಡುವುದು ಸಹಾಯ. ಒತ್ತಡದ ಬಗೆಗಿನ ಸಂಶೋಧನೆಗಳಿಂದ ಮನೆಯವರು ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಇದೇ.

ನಿಮ್ಮ ಬರಹದಲ್ಲಿ ನನಗೆ ಕಳವಳ ತಂದದ್ದು ಗರ್ಭಕಾಲದ ದುಃಖಕ್ಕಿಂತ ಈಗಿನ ನಿಮ್ಮ ಸ್ಥಿತಿ. ತಂದೆಯನ್ನು ಕಳೆದುಕೊಂಡ ಶೋಕಕ್ಕೆ ಸಮಯವೇ ಸಿಗದೆ ಹೆರಿಗೆ, ಬಾಣಂತನ, ಮಗುವಿನ ಅಲರ್ಜಿ ಒಂದರ ಮೇಲೊಂದು ಬಂದಿವೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಮಾಪಕವೆಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದು 1987ರಿಂದ ಬಳಕೆಯಲ್ಲಿದೆ, ಅದು ಕನ್ನಡದಲ್ಲಿಯೂ ಇದೆ. ಮಗುವನ್ನು ತೋರಿಸಲು ಹೋದಾಗ ನಿಮ್ಮ ಸ್ತ್ರೀರೋಗ ತಜ್ಞರನ್ನೂ ಕಂಡು ಅದನ್ನು ತುಂಬಿಸಿ ನೋಡಿ. ಮನೆಯಿಂದ ಹೊರಬರುವುದು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು; ಅಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನೆರವು ಪಡೆಯುವುದು ಮಗುವಿನ ಅಲರ್ಜಿ ವಾಸಿಯಾಗಲೆಂದು ಅಲ್ಲ. ನೀವು ನೊಂದಿದ್ದೀರಿ, ಅದೊಂದೇ ಕಾರಣ ಸಾಕು.

ಪ್ರಶ್ನೆ ಕೇಳಿದ ತಾಯಿ, ಚಿಂಚವಾಡ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ನಾನು ಋಣಿ. ಅಧ್ಯಾಪಕರು ಹೇಳಿದ ಲೆಕ್ಕವನ್ನು ನಮ್ಮ ಯಜಮಾನರು ಅತ್ತೆಯವರ ಮುಂದೆ ಕುಳಿತು ಬರೆದು ತೋರಿಸಿದರು. ಅವರು ಹೆಚ್ಚೇನೂ ಮಾತನಾಡಲಿಲ್ಲ. ಆದರೆ ಆ ಮಾತು ಮತ್ತೆ ಬಂದಿಲ್ಲ. ಇಂದು ವೈದ್ಯರನ್ನು ಕಂಡುಬಂದೆವು. ಗೋಧಿ, ತೊಗರಿಬೇಳೆ, ಮೊಸರು ಇವನ್ನು ಮಗಳು ಮೊದಲು ತಿಂದಿದ್ದಾಗ ಏನೂ ಆಗಿರಲಿಲ್ಲವೆಂದು ತಿಳಿಸಿದ ಮೇಲೆ ಒಂದೊಂದನ್ನೇ ಅವರ ಎದುರಿನಲ್ಲಿ ಮತ್ತೆ ಆರಂಭಿಸುವುದೆಂದು ನಿಶ್ಚಯವಾಗಿದೆ. ಉಳಿದದ್ದು ಶೇಂಗಾ. ಅದನ್ನು ಅವಳಿಗೆ ಈವರೆಗೆ ಕೊಟ್ಟೇ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಶೇಂಗಾ ಹಿಂಡಿ (ಚಟ್ನಿಪುಡಿ) ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಉಪವಾಸದ ದಿನ ಸಾಬೂದಾಣೆ ಖಿಚಡಿಗೆ ಕುಟ್ಟಿದ ಪುಡಿ ಅಡುಗೆಮನೆ ತುಂಬ ಹಾರುತ್ತದೆ. ಏನು ಮಾಡಬೇಕು? ಮುಂದೆ ಇನ್ನೊಂದು ಮಗುವಾಗುವುದಾದರೆ ಗರ್ಭಿಣಿಯಾಗಿದ್ದಾಗ ನಾನು ಇವನ್ನೆಲ್ಲ ಬಿಡಬೇಕೇ? ಮತ್ತು ಆ ವರದಿಯಲ್ಲಿ ಅಷ್ಟೊಂದು ಕೆಂಪು ಗುರುತುಗಳು ಬಂದದ್ದೇಕೆ?

ಉತ್ತರ: ಮುಲುಂಡಿನ ಮಕ್ಕಳ ವೈದ್ಯ

ಕೆಂಪು ಗುರುತುಗಳ ವಿಷಯ ಮೊದಲು. ಆ ಪರೀಕ್ಷೆ ಐಜಿಇ ಎಂಬ ಪ್ರತಿಕಾಯವನ್ನು ಅಳೆದಿದ್ದರೆ ಅದು ದೇಹ ಆ ಆಹಾರವನ್ನು ಗುರುತಿಸಿದೆ ಎಂಬುದನ್ನಷ್ಟೇ ತೋರಿಸುತ್ತದೆ. ತಿಂದರೆ ತೊಂದರೆಯಾಗುತ್ತದೆ ಎಂಬುದನ್ನಲ್ಲ. ಇಸುಬಿರುವ ಮಕ್ಕಳಲ್ಲಿ ಇಂಥ ಗುರುತುಗಳು ಧಾರಾಳವಾಗಿ ಬರುತ್ತವೆ. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಸಿಕ್ಕಿತು. ಆಹಾರದ ಅಲರ್ಜಿ ಇರಬಹುದಾದವರ ಪ್ರಮಾಣ ಮಾತ್ರ ಶೇಕಡಾ 1.2. ನಡುವಿನ ಇಷ್ಟು ದೊಡ್ಡ ಅಂತರವನ್ನು ಗಮನಿಸಿದರೆ ವರದಿಯನ್ನು ನೋಡಿ ಊಟ ಬಿಡಿಸುವುದು ಎಷ್ಟು ಅಪಾಯಕರವೆಂದು ತಿಳಿಯುತ್ತದೆ. ಪರೀಕ್ಷೆ ಅಳೆದದ್ದು ಐಜಿಜಿ ಎಂಬ ಬೇರೊಂದು ಪ್ರತಿಕಾಯವಾಗಿದ್ದರೆ ಆ ಕಾಗದವನ್ನು ಪಕ್ಕಕ್ಕಿಡಬಹುದು. ಆಹಾರದ ಅಲರ್ಜಿಗೆ ಅದು ಪರೀಕ್ಷೆಯೇ ಅಲ್ಲವೆಂದು ಅಲರ್ಜಿ ತಜ್ಞರ ಸಂಘಗಳು ಹೇಳಿವೆ. ಮತ್ತೆ ಆರಂಭಿಸುವುದನ್ನು ವೈದ್ಯರ ಎದುರಿನಲ್ಲಿ ಮಾಡುತ್ತಿರುವುದು ಸರಿಯಾಗಿದೆ, ಏಕೆಂದರೆ ಇಸುಬಿರುವ ಮಗುವಿಗೆ ತಿಂಗಳುಗಟ್ಟಲೆ ನಿಲ್ಲಿಸಿದ ಆಹಾರ ಅಪರೂಪಕ್ಕೆ ಒಗ್ಗದೆ ಹೋಗುವುದುಂಟು.

ಶೇಂಗಾದ ಬಗ್ಗೆ ನೀವು ಬಣ್ಣಿಸಿದ ಪರಿಸ್ಥಿತಿಯೇ ನನ್ನ ಚಿಂತೆ: ಮನೆಯ ಗಾಳಿಯಲ್ಲಿ, ಹಾಸಿಗೆಯಲ್ಲಿ, ಎಲ್ಲರ ಕೈಗಳಲ್ಲಿ ಶೇಂಗಾ ಇದೆ, ಮಗುವಿನ ಬಾಯಿಯಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇಕಡಾ 1.85 ಇದ್ದರೆ, ಎಳವೆಯಲ್ಲೇ ಶೇಂಗಾ ತಿಂಡಿ ತಿನ್ನುವ ಇಸ್ರೇಲಿನ ಯಹೂದಿ ಮಕ್ಕಳಲ್ಲಿ ಅದು ಶೇಕಡಾ 0.17 ಮಾತ್ರ ಎಂದು 2008ರಲ್ಲಿ ಗೊತ್ತಾಯಿತು. ಅದನ್ನು ಪರೀಕ್ಷಿಸಲು ಲ್ಯಾಕ್ ಅವರ ತಂಡ ನಿಮ್ಮ ಮಗಳಂತೆಯೇ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಶೇಂಗಾವನ್ನು ನಿಯಮಿತವಾಗಿ ತಿನ್ನಿಸಿತು, ಉಳಿದವರಿಂದ ದೂರವಿಟ್ಟಿತು. ಐದು ವರ್ಷವಾದಾಗ ದೂರವಿಟ್ಟವರಲ್ಲಿ ಶೇಕಡಾ 17.2 ಮಕ್ಕಳಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇಕಡಾ 3.2 ಮಕ್ಕಳಿಗೆ ಮಾತ್ರ. 2015ರಲ್ಲಿ ಬಂದ ಈ ಫಲಿತಾಂಶ ಜಗತ್ತಿನ ಸಲಹೆಯನ್ನೇ ತಿರುಗಿಸಿತು.

ಆದರೆ ನಿಮ್ಮ ಮಗಳು ಆ ವಯಸ್ಸನ್ನು ದಾಟಿದ್ದಾಳೆ, ರಕ್ತದಲ್ಲಿ ಗುರುತೂ ಇದೆ. ಆದ್ದರಿಂದ ಮನೆಯಲ್ಲಿ ಕೊಟ್ಟು ನೋಡಬೇಡಿ. ಚರ್ಮದ ಮೇಲೆ ಹನಿ ಹಾಕಿ ಚುಚ್ಚಿ ನೋಡುವ ಪರೀಕ್ಷೆಯನ್ನು ಮಾಡಿಸಿ, ಅದರ ಫಲಿತಾಂಶ ನೋಡಿ ಅಲರ್ಜಿ ತಜ್ಞರು ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವ ದಿನವನ್ನು ಗೊತ್ತುಮಾಡುತ್ತಾರೆ. ಪುಣೆಯಲ್ಲಿ ಈ ಸೌಕರ್ಯವಿದೆ. ಅವರು ಒಪ್ಪಿದರೆ ನುಣ್ಣನೆಯ ಪುಡಿಯನ್ನು ಗಂಜಿಯಲ್ಲಿ ಕದಡಿ ಕೊಡಬೇಕು. ಇಡೀ ಶೇಂಗಾ ಕಾಳನ್ನು ಐದು ವರ್ಷದವರೆಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಯವರೆಗೆ ಹಿಂಡಿ ತಿಂದವರು ಕೈತೊಳೆದು ಮಗುವನ್ನು ಎತ್ತಿಕೊಳ್ಳಲಿ, ಇಸುಬಿನ ಮುಲಾಮು ತಪ್ಪದಿರಲಿ. ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ತಾನಾಗಿ ಬಿಡುತ್ತದೆ. ಕೇಕಿನಂತೆ ಹಿಟ್ಟಿನೊಡನೆ ಚೆನ್ನಾಗಿ ಬೆಂದ ಮೊಟ್ಟೆ ಬಹಳ ಮಕ್ಕಳಿಗೆ ಮೊದಲೇ ಒಗ್ಗುತ್ತದೆ. ಅದನ್ನೂ ಅದೇ ತಜ್ಞರಲ್ಲಿ ಕೇಳಿ.

ಮುಂದಿನ ಗರ್ಭಕಾಲದಲ್ಲಾಗಲಿ ಹಾಲೂಡಿಸುವಾಗಾಗಲಿ ಅಲರ್ಜಿ ತಡೆಯುವುದಕ್ಕಾಗಿ ನೀವು ಯಾವ ಆಹಾರವನ್ನೂ ಬಿಡಬೇಕಾಗಿಲ್ಲ. ಶೇಂಗಾ ಹಿಂಡಿಯನ್ನೂ ತಿನ್ನಿ, ಹೋಳಿಗೆಯನ್ನೂ ತಿನ್ನಿ. ಹುಟ್ಟುವ ಮಗುವಿಗೆ ಇಸುಬು ಕಂಡ ಕೂಡಲೇ ಚಿಕಿತ್ಸೆ ಆರಂಭಿಸಿ, ಅಕ್ಕನ ಇತಿಹಾಸವನ್ನು ತಿಳಿಸಿ, ಮೇಲಾಹಾರಕ್ಕೆ ಮೊದಲೇ ವೈದ್ಯರನ್ನು ಕಂಡರೆ ಶೇಂಗಾವನ್ನೂ ಮೊಟ್ಟೆಯನ್ನೂ ಯಾವಾಗ, ಹೇಗೆ ಶುರುಮಾಡಬೇಕೆಂದು ಅವರು ಬರೆದುಕೊಡುತ್ತಾರೆ.